ಕೇರಿಯ ಮೊದಲ ನೆಟ್ಟು

ಮೋಡೆಮ್ಮಿನ ಕೆಂಪು ದೀಪ ಬೆಳಿಗ್ಗೆಯಿಂದ ರಮಾನಂದನನ್ನು ದುರುಗುಟ್ಟಿ ನೋಡುತ್ತಿತ್ತು.

ಶಿರಾಲಿಯ ಆ ಕೇರಿಯಲ್ಲಿ ಮನೆಗೆ ಇಂಟರ್ನೆಟ್ ಹಾಕಿಸಿದವನು ಹಿಟ್ಟಿನ ಗಿರಣಿಯ ರಮಾನಂದ ಒಬ್ಬನೇ. ಆ ಹೆಮ್ಮೆಗೆ ಅವನ ಎದೆ ಗಿರಣಿಯ ಬೆಲ್ಟಿನಂತೆ ಸದಾ ಬಿಗಿದೇ ಇರುತ್ತಿತ್ತು. ಇವತ್ತು ಸಂಜೆ ಹೆಂಡತಿಯ ತಮ್ಮ ಸಂತೋಷ ಮಸ್ಕತ್ತಿನಿಂದ ತನ್ನ ಹಸುಗೂಸನ್ನು ಕಂಪ್ಯೂಟರಿನಲ್ಲಿ ತೋರಿಸುವವನಿದ್ದ. ನೋಡಲು ಬನ್ನಿ ಎಂದು ರಮಾನಂದ ಮದುವೆಗೆ ಕರೆದಂತೆ ಮನೆಮನೆಗೂ ಹೇಳಿಬಂದಿದ್ದ. ನೋಡಿದರೆ ನೆಟ್ಟೇ ಸತ್ತುಬಿದ್ದಿತ್ತು.

ಮೊಬೈಲಿನಿಂದ ಕಂಪನಿಗೆ ಫೋನು ಮಾಡಿದ.

"ಸರ್, ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದಳು ಹುಡುಗಿ.

"ತಂಗೀ, ಬೆಳಗಿಂದ ಅದೇ ಮಾಡಿ ಬಟನ್ ಸವೆದುಹೋತು! ಜನ ಕಳ್ಸು!"

ಎದುರುಮನೆಯ ಸಣ್ಣಮ್ಮ ಬಂದು, "ಕಂಡಕಂಡವ್ರಿಗೆಲ್ಲ ತೋರ್ಸಿದ್ರೆ ದೃಷ್ಟಿ ಆಗದೆ ಮತ್ತೆಂತ ಆಗ್ತದೆ?" ಎಂದು ಮೋಡೆಮ್ಮಿಗೆ ಉಪ್ಪು ಮೆಣಸು ನಿವಾಳಿಸಿದಳು. ದೀಪ ಇನ್ನಷ್ಟು ಕೆಂಪಾದಂತೆ ಕಂಡಿತು.

ಪಕ್ಕದ ಮನೆಯ ದೇವಪ್ಪ ಬೇಲಿಯಾಚೆಯಿಂದ ಇಣುಕಿದ. "ಹೋಯ್ ರಮಾನಂದ, ಎಂತ ಆತು? ಸಂಜೆ ಬಂದವ್ರು ಕೆಂಪು ದೀಪಕ್ಕೇ ಕೈಮುಗ್ದು ಹೋಗೂದಾ?"

"ನೆಟ್ಟಿನ ಸುದ್ದಿ ನಿಂಗೆಂತ ಗೊತ್ತು? ಹೋಗಿ ಕಾಯಿ ಸುಲಿ!"

ಮಧ್ಯಾಹ್ನ ವಯರಿನ ಸುರುಳಿ ಹೊತ್ತ ಬೈಕೊಂದು ಕಂಬದ ಬಳಿ ನಿಂತಿತು. ಇಳಿದವನು ಕಂಪನಿಯ ಕೆಲಸದ ಹುಡುಗ ಶುಕ್ರ. ರಮಾನಂದ ಓಡಿಹೋದ.

"ಬಾ ಮಾರಾಯ, ನಿನ್ನ ದಾರೀನೇ ಕಾಯ್ತಿದ್ದೆ!"

"ನಾನು ಇಲ್ಲಿ ಹೊಸ..." ಎಂದು ಶುಕ್ರ ಬಾಯಿ ತೆರೆಯುವಷ್ಟರಲ್ಲಿ ರಮಾನಂದ ಆ ಬಾಯಿಗೆ ಎಳನೀರು ಹಿಡಿದ. ತನ್ನ ಏಣಿಯನ್ನೇ ತಂದು, ತಾನೇ ಗಟ್ಟಿಯಾಗಿ ಹಿಡಿದು ನಿಂತ. ಇಡೀ ಕೇರಿ ನೋಡಲಿ ಎಂದು ಕತ್ತೆತ್ತಿಯೇ ನಿಂತಿದ್ದ.

ಮೇಲಿನಿಂದ ಶುಕ್ರ ಕೂಗಿದ. "ಆಚೆ ಕೇರಿಯ ಲೈನಿಂದ್ಲೇ ಕಂಬದ ಪೆಟ್ಟಿಗೆ ಭರ್ತಿ ಆಗಿದೆ. ಹೊಸ ವಯರಿಗೆ ಜಾಗ ಇಲ್ಲ. ಒಂದು ಲೈನು ಸತ್ತದೆ, ಯಾರದ್ದೋ?"

"ಸತ್ತದ್ದು ಯಾರದ್ದಾದ್ರೆ ನಿಂಗೆಂತ? ಕಿತ್ತು ಬಿಸಾಕು!"

"ನಾಳೆ ಯಾರಾದ್ರೂ ಬೈದ್ರೆ?"

"ರಮಾನಂದ ಹೇಳ್ದ ಅನ್ನು! ಯಾವನು ಬೈತಾನೆ ನೋಡ್ತೆ!"

ಹಳೆಯ ವಯರು ಕೆಳಗೆ ಬಿತ್ತು. ಹೊಸದನ್ನು ಸಿಕ್ಕಿಸಿದ ಶುಕ್ರ ಇಳಿದು, ಅದರ ತುದಿ ಹಿಡಿದು, ನೇರ ದೇವಪ್ಪನ ಅಂಗಳಕ್ಕೆ ನಡೆದ.

"ಹೋಯ್, ಅಲ್ಲೆಲ್ಲಿಗೆ? ನನ್ನ ಮನೆ ಇದು!"

"ನಾನು ದೇವಪ್ಪನವ್ರ ಹೊಸ ಕನೆಕ್ಷನ್ನಿಗೆ ಬಂದದ್ದು. ರಿಪೇರಿಗೆ ಬೇರೆ ಜನ, ಹೊನ್ನಾವರದಿಂದ ಬರ್ಬೇಕು."

"ಮತ್ತೆ ನನ್ನ ಲೈನು?"

ಶುಕ್ರ ತಲೆ ಕೆರೆದುಕೊಂಡು ರಮಾನಂದನ ಕಾಲಬುಡದಲ್ಲಿ ಬಿದ್ದಿದ್ದ ವಯರನ್ನು ತೋರಿಸಿದ.

ಸಂಜೆ ಕೇರಿಯೆಲ್ಲ ದೇವಪ್ಪನ ಜಗಲಿಯಲ್ಲಿ ತುಂಬಿತ್ತು. ಅವನು ಭಟ್ಕಳದಿಂದ ಗುಟ್ಟಾಗಿ ತಂದಿದ್ದ ಕಂಪ್ಯೂಟರಿನ ಎದುರು, ಎಲ್ಲರಿಗಿಂತ ಮುಂದೆ, ರಮಾನಂದನ ಹೆಂಡತಿ ರೇಖಾ ಕುಳಿತಿದ್ದಳು. ಮಸ್ಕತ್ತಿನ ಕೂಸು ಬಾಯಿತುಂಬ ಆಕಳಿಸಿತು. ಕೇರಿ ಚಪ್ಪಾಳೆ ತಟ್ಟಿತು.

"ಭಾವ ಎಲ್ಲಿ? ಕಾಣ್ತಿಲ್ಲ" ಎಂದ ಸಂತೋಷ.

"ಬಾಗಿಲ ಹತ್ರ ನಿಂತಾನೆ" ಎಂದು ದೇವಪ್ಪ ಕಿಸಕ್ಕನೆ ನಕ್ಕ.

ಎಲ್ಲರೂ ತಿರುಗಿ ನೋಡಿದರು. ರಮಾನಂದ ಎದೆ ಉಬ್ಬಿಸಿದ.

"ಚಿತ್ರ ಎಷ್ಟು ಚೊಲೋ ಬರ್ತದೆ ಕಂಡ್ರಾ? ಏಣಿ ಹಿಡ್ದವ ನಾನು!"