ಸಿಯೋಲ್‌ನಲ್ಲಿ ನಾನು ಕೂತ ಕಾವಲು

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ಮದುವೆಯಾಗಿ ನೈರೋಬಿಗೆ ಬಂದ ಮೇಲೆ ಅಂಟಿಕೊಂಡದ್ದು. ಆದರೂ ಹೋಗುವ ಲಕ್ಷಣ ಕಾಣುತ್ತಿಲ್ಲ. ಸೌತ್ ಬಿ ಬಡಾವಣೆಯ ನಮ್ಮ ಮನೆಯ ಗೇಟು ದಾಟಿದೊಡನೆ ನನ್ನ ಕೈಚೀಲ ಬೆನ್ನಿನಿಂದ ಹೊಟ್ಟೆಯ ಮೇಲಕ್ಕೆ ಬರುತ್ತದೆ, ಫೋನು ಅದರ ತಳ ಸೇರುತ್ತದೆ. ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತರೆ ಡ್ರೈವರನಿಗಿಂತ ಮೊದಲು ನಾನೇ ಗಾಜು ಏರಿಸುತ್ತೇನೆ. ಬಂದ ಮೊದಲ ತಿಂಗಳು ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನ ಕಿಟಕಿ ಪಕ್ಕ ಕೂತು, ಮೈಸೂರಿನ ಅಮ್ಮನಿಗೆ ಫೋನಿನಲ್ಲಿ “ಭಯ ಏನೂ ಇಲ್ಲಮ್ಮ, ತುಂಬ ಒಳ್ಳೇ ಊರು” ಎಂದು ಧೈರ್ಯ ಹೇಳುತ್ತಿದ್ದೆ. ಕೊನೆಯ ಪದ ಅಮ್ಮನಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಫೋನು ಕಿಟಕಿಯಾಚೆಯ ಕೈಯೊಂದಕ್ಕೆ ಸೇರಿತ್ತು. ಇಡೀ ಮಟಾಟು ಸ್ವಾಹಿಲಿಯಲ್ಲಿ “ಪೋಲೆ, ಪೋಲೆ” ಎಂದು ನನ್ನ ಜೊತೆ ಮರುಗಿತು, ಪಕ್ಕದ ಹೆಂಗಸು ಇಳಿಯುವವರೆಗೂ ನನ್ನ ಕೈ ಬಿಡಲಿಲ್ಲ. ಊರು ಒಳ್ಳೆಯದೇ, ಈಗಲೂ ಹಾಗೇ ಹೇಳುತ್ತೇನೆ. ಚೀಲ ತಬ್ಬಿಕೊಂಡು ಹೇಳುತ್ತೇನೆ, ಅಷ್ಟೇ.

ಕಳೆದ ಏಪ್ರಿಲ್ ರಜೆಯಲ್ಲಿ ಮಗಳು ಅನಘಾಳ ಹಟಕ್ಕೆ ಸೋತು ನಾವು ಸಿಯೋಲ್‌ಗೆ ಹೋದೆವು. ಅವಳಿಗೆ ಹದಿಮೂರು. ನೈರೋಬಿಯಲ್ಲೇ ಹುಟ್ಟಿದವಳು, ನಾವಾಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸೀರಿಯಲ್ ನೋಡಿ ನೋಡಿ ಕೊರಿಯನ್ ಮಾತ್ರ ಸರಾಗವಾಗಿ ಕಲಿತಿದ್ದಾಳೆ, ಆ ಸಂಕಟ ಇನ್ನೊಮ್ಮೆ ತೋಡಿಕೊಳ್ಳುತ್ತೇನೆ. ಅವಳದು ಒಂದೇ ಆಸೆ: ಆ ದೇಶದ ಹಳೆಯ ಕಾಲದ ಉಡುಪು ಹನ್‌ಬೋಕ್ ಬಾಡಿಗೆಗೆ ತೊಟ್ಟು ಅರಮನೆಯ ಅಂಗಳದಲ್ಲಿ ಓಡಾಡಬೇಕು, ಫೋಟೋ ತೆಗೆಸಿಕೊಳ್ಳಬೇಕು. ನಾನು ದಿನವೂ ಮುಂದೂಡುತ್ತಿದ್ದೆ. ನಮ್ಮ ಬಟ್ಟೆಬರೆಯನ್ನು ಬಾಡಿಗೆ ಅಂಗಡಿಯಲ್ಲಿ ಬಿಟ್ಟು ಹೋದರೆ ನೋಡಿಕೊಳ್ಳುವವರು ಯಾರು? ಹೀಗೆ ಕೊನೆಯ ದಿನ ಬಂತು. ಸಂಜೆ ವಿಮಾನ. ಅವಳ ಕಣ್ಣಲ್ಲಿ ನೀರು ನೋಡಿ ರಾಜಿಯಾದೆ. ಅಪ್ಪ ಮಗಳು ವೇಷ ತೊಡುವುದು, ನಾನು ಎದುರಿನ ಕೆಫೆಯಲ್ಲಿ ಎಲ್ಲರ ಬಟ್ಟೆ, ಮೂರು ಪಾಸ್‌ಪೋರ್ಟು, ಮೂರು ಫೋನುಗಳ ಸಮೇತ ಕಾಯುವುದು. ಪ್ರವಾಸದಲ್ಲಿ ಎಲ್ಲರ ಫೋನೂ ನನ್ನ ಚೀಲದಲ್ಲಿರಬೇಕು ಎಂಬುದು ನಮ್ಮ ಮನೆಯ ಕಾನೂನು.

ಉಡುಪಿನ ಬಾಡಿಗೆ ಎರಡು ಗಂಟೆಯ ಅವಧಿಗೆ. ಜಡೆ ಹೆಣೆಸುವುದರಲ್ಲೇ ಅರ್ಧ ಗಂಟೆ ಹೋಯಿತು. ಗುಲಾಬಿ ಲಂಗದಲ್ಲಿ ಅನಘಾ ಚೆಲುವೆಯಾಗಿ ಕಂಡಳು. ಅಲ್ಲಿನ ಟೋಪಿಯಲ್ಲಿ ನಮ್ಮವರು ಕರಿ ಜರಡಿಯೊಂದನ್ನು ತಲೆಯ ಮೇಲೆ ಕವುಚಿಕೊಂಡಂತಿದ್ದರು. ಟೆಲಿಕಾಂ ಕಂಪನಿಯ ಎಂಜಿನಿಯರು ಇಷ್ಟು ಗಂಭೀರವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಅರಮನೆಯ ಬಾಗಿಲಲ್ಲಿ ನಿಂತಿರಿ, ಕಾಫಿ ಮುಗಿಸಿ ಹತ್ತೇ ನಿಮಿಷದಲ್ಲಿ ಬಂದು ಫೋಟೋ ತೆಗೆಯುತ್ತೇನೆ ಎಂದು ಕಳಿಸಿದೆ.

ಆಗಲೇ ಪಕ್ಕದ ಮೇಜಿನ ಹುಡುಗಿ ಎದ್ದು ಹೊರಗೆ ಹೋದಳು. ಹೋಗಲಿ ಪಾಪ, ಆದರೆ ಮೇಜಿನ ಮೇಲೆ ತೆರೆದ ಲ್ಯಾಪ್‌ಟಾಪು, ಅದರ ಮೇಲೆ ಫೋನು, ಕುರ್ಚಿಯಲ್ಲಿ ಪರ್ಸು. ಸುತ್ತ ನೋಡಿದೆ. ಯಾರೂ ತಲೆಯೆತ್ತಿರಲಿಲ್ಲ. ಇನ್ನೂ ಎರಡು ಮೇಜುಗಳ ಮೇಲೆ ಹೀಗೇ ಅನಾಥ ಫೋನುಗಳು ಬಿದ್ದಿದ್ದವು. ಕೌಂಟರಿನವನ ಬಳಿ ಹೋಗಿ ಲ್ಯಾಪ್‌ಟಾಪು ತೋರಿಸಿ, ಬಾಗಿಲು ತೋರಿಸಿ, ಎರಡು ಬೆರಳಿನಲ್ಲಿ ಓಡಿಹೋಗುವ ಅಭಿನಯ ಮಾಡಿದೆ. ಅವನು ಸಹಾನುಭೂತಿಯಿಂದ ಶೌಚಾಲಯದ ಬೀಗದಕೈ ಕೊಟ್ಟ.

ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಎರಡು ಸಲ ಎದ್ದೆ, ಎರಡು ಸಲವೂ ಕಾಲು ಬರಲಿಲ್ಲ. ಯಾರದೋ ಮಗಳು, ಸಾಲ ಮಾಡಿ ಕೊಂಡಿದ್ದಾಳೋ ಏನೋ. ಅತ್ತ ನನ್ನ ಮಗಳು ಬಾಗಿಲಲ್ಲಿ ಕಾಯುತ್ತಿದ್ದಾಳೆ ಎಂಬುದೂ ಚುಚ್ಚುತ್ತಿತ್ತು. ತಿಳಿಸೋಣವೆಂದರೆ ಅವರ ಫೋನುಗಳು ನನ್ನ ಹೊಟ್ಟೆಯ ಮೇಲೆಯೇ ಇವೆ. ಅಷ್ಟರಲ್ಲಿ ದೊಡ್ಡ ಚೀಲ ಹೊತ್ತ ಗಂಡಸೊಬ್ಬ ಬಂದು ಆ ಮೇಜಿನ ಆಚೆ ಕೂತ. ಇನ್ನು ತಡಮಾಡಬಾರದೆಂದು ಲ್ಯಾಪ್‌ಟಾಪು, ಫೋನು, ಪರ್ಸು ಮೂರನ್ನೂ ಎತ್ತಿ ನನ್ನ ಮಡಿಲಲ್ಲಿಟ್ಟು ಮೇಲೆ ದುಪಟ್ಟಾ ಹೊದಿಸಿದೆ. ಮನಸ್ಸಿಗೆ ನೆಮ್ಮದಿಯಾಯಿತು.

ಐವತ್ತು ನಿಮಿಷದ ಮೇಲೆ ಹುಡುಗಿ ಊಟ ಮುಗಿಸಿ ಬಂದಳು. ಬರಿದಾದ ಮೇಜು ನೋಡಿ ನಿಂತುಬಿಟ್ಟಳು. ಮೇಜಿನ ಕೆಳಗೆ ನೋಡಿದಳು, ಕುರ್ಚಿ ಸರಿಸಿದಳು. ಆ ಮುಖದಲ್ಲಿದ್ದದ್ದು ಗಾಬರಿಯಲ್ಲ. ಇಂಥದ್ದೊಂದು ಆಗಬಹುದೆಂದೇ ಗೊತ್ತಿಲ್ಲದವರ ಮುಖ ಅದು. ಆಮೇಲೆ ನನ್ನ ದುಪಟ್ಟಾದಿಂದ ಇಣುಕುತ್ತಿದ್ದ ಅವಳ ಫೋನು ಕಂಡಿತು. ಕೆಫೆಯೆಲ್ಲ ಒಮ್ಮೆಗೇ ತಲೆಯೆತ್ತಿತು.

“ಯಾರಾದ್ರೂ ಎತ್ಕೊಂಡು ಹೋಗ್ಬಿಟ್ರೆ ಅಂತ ಇಟ್ಕೊಂಡಿದ್ದೆ ಕಣಮ್ಮ” ಎಂದೆ, ಗಾಬರಿಯಲ್ಲಿ ಅಪ್ಪಟ ಕನ್ನಡದಲ್ಲಿ. ಆ ಕೋಣೆಯಲ್ಲಿ ಎತ್ತಿಕೊಂಡವಳು ನಾನೊಬ್ಬಳೇ ಎಂಬುದು ಹೇಳಿದ ಮೇಲೆ ಹೊಳೆಯಿತು.

ಲಂಗ ಎತ್ತಿ ಹಿಡಿದು ಅನಘಾ ಓಡಿ ಬಂದದ್ದು ಆಗಲೇ. ನೋಡಿದವಳೇ ಎಲ್ಲವನ್ನೂ ಊಹಿಸಿದಳು. ನನ್ನ ಪರವಾಗಿ ಬಗ್ಗಿ ಬಗ್ಗಿ ಕೊರಿಯನ್ನಿನಲ್ಲಿ ಕ್ಷಮೆ ಕೇಳಿದಳು. ಹುಡುಗಿಯೂ ಬಗ್ಗಿ ನನಗೆ ಧನ್ಯವಾದ ಹೇಳಿದಳು, ನಕ್ಕಳು ಕೂಡ. ತನ್ನ ಸಾಮಾನನ್ನು ಮತ್ತೆ ಮೇಜಿನ ಮೇಲಿಟ್ಟು ನೀರು ತರಲು ಕೌಂಟರಿಗೆ ಹೊರಟಳು. ಹತ್ತು ಹೆಜ್ಜೆ ದೂರ. ಹೊರಟವಳು ತಿರುಗಿ ಬಂದು, ಲ್ಯಾಪ್‌ಟಾಪು, ಫೋನು, ಪರ್ಸು ಮೂರನ್ನೂ ಎದೆಗೆ ಅವುಚಿಕೊಂಡು ಹೋದಳು.

ಅನಘಾ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. “ವಿ ಹ್ಯಾವ್ ಟ್ವೆಂಟಿ ಮಿನಿಟ್ಸ್, ಅಮ್ಮ” ಎಂದಷ್ಟೇ ಹೇಳಿ ನಡೆದಳು. ಆ ಇಪ್ಪತ್ತು ನಿಮಿಷದಲ್ಲಿ ಅರಮನೆಯ ಅಂಗಳದವರೆಗೆ ಓಡಿ, ನಾಲ್ಕು ಫೋಟೋ ತೆಗೆದೆ. ನಾಲ್ಕರಲ್ಲೂ ಅಪ್ಪ ಮಾತ್ರ ನಗುತ್ತಿದ್ದಾರೆ.

ಮೊನ್ನೆ ಇದೇ ಊರಿನ ಕಿಲಿಮಾನಿಯಿಂದ ಕನ್ನಡದ ಸ್ನೇಹಿತರು ಮನೆಗೆ ಬಂದಿದ್ದರು, ಮುಂದಿನ ರಜೆಗೆ ಸಿಯೋಲ್‌ಗೆ ಹೋಗುವವರು. ಅಲ್ಲಿ ಕಳ್ಳತನವೇ ಇಲ್ಲವಂತೆ, ಮೇಜಿನ ಮೇಲೆ ಫೋನು ಬಿಟ್ಟು ಹೋಗುತ್ತಾರಂತೆ, ಹೌದೇ ಎಂದು ಕೇಳಿದರು. ನಾನು ಕಾಫಿ ಲೋಟಗಳನ್ನು ಜೋಡಿಸುತ್ತ, ಹೌದು, ಅಷ್ಟು ನಂಬಿಕಸ್ಥ ಊರು ಎಂದೆ.

ಒಳಕೋಣೆಯಿಂದ ಮಗಳ ದನಿ ಬಂತು. ಹದಿಮೂರು ವರ್ಷ ಇಂಗ್ಲಿಷಿನಲ್ಲೇ ಉತ್ತರಿಸಿದವಳು, ಅತಿಥಿಗಳಿಗೆಲ್ಲ ತಿಳಿಯಲೆಂದು, ಒಂದಕ್ಷರವೂ ತಪ್ಪದ ಕನ್ನಡದಲ್ಲಿ ಹೇಳಿದಳು:

“ಅಮ್ಮ ಹೋಗೋವರೆಗೂ ಹಾಗೇ ಇತ್ತು.”