ಗೋಡೆಗೆ ಅಡ್ಡಿಲ್ಲ

ಆಫೀಸಿನಲ್ಲಿ ನಗಬಾರದು ಅಂತ ನಿಯಮವೇನೂ ಇಲ್ಲ. ಆದರೆ ಎದುರಿಗೆ ಸಾಹೇಬರು ಕೂತಿರುವಾಗ ನಗು ತಡೆದು ತಡೆದು ನನಗೆ ಗ್ಯಾಸ್ಟ್ರಿಕ್ ಆದದ್ದು ಮಾತ್ರ ಹೌದು. ಪುತ್ತೂರು ಪೇಟೆಯ ಹೊರಗೆ, ಹಣ್ಣಿನ ಗಿಡಗಳ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಗುಮಾಸ್ತೆ. ನಾನು ಸೇರುವಾಗ ಸುತ್ತ ಗುಡ್ಡ ಇತ್ತು, ಈಗ ಮೂರು ಬದಿಗೂ ಮನೆಗಳು. ಹಳೆ ಕಟ್ಟಡ ಕೆಡವಿ ಹೊಸತು ಕಟ್ಟುದು, ಸುತ್ತ ಗೋಡೆ ಹಾಕುದು ಅಂತ ಯೋಜನೆ ಬಂತು. ಅದಕ್ಕೆ ಮೊದಲು ಊರವರನ್ನು ಕೇಳಬೇಕಂತೆ. ಕೇಳಲಿಕ್ಕೆ ಘಟ್ಟದ ಮೇಲಿನಿಂದ ಒಬ್ಬ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಪಾಪ.

ನೋಟೀಸು

"ಕೇಂದ್ರದ ಪುನರಭಿವೃದ್ಧಿ ಕುರಿತು ಸಾರ್ವಜನಿಕ ಅಹವಾಲು ಸಭೆ" ಅಂತ ಗೇಟಿಗೆ ನೋಟೀಸು ಅಂಟಿಸಿದೆ. ಅಹವಾಲು ಅಂತ ಕಂಡದ್ದೇ ತಡ, ಒಬ್ಬರು ರೇಷನ್ ಕಾರ್ಡಿನಲ್ಲಿ ಹೆಂಡತಿಯ ಹೆಸರು ತಪ್ಪಾಗಿದೆ ಅಂತ ಬಂದರು. ಇನ್ನೊಬ್ಬರು ನೆರೆಮನೆಯ ನಾಯಿಯ ಮೇಲೆ ಅರ್ಜಿ ತಂದರು. ಸಾಕ್ಷಿಗೆ ಅದು ಬೊಗಳುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರು. ಸಾಹೇಬರು ಪೂರ್ತಿ ಕೇಳಿದರು.

ಗೇಟಿನ ಹತ್ತಿರದ ಆಟೋದವ ನೋಟೀಸು ಓದಿ ಕೇಳಿದ, "ಪುನರಭಿವೃದ್ಧಿ ಅಂದ್ರೆ ಎಂತ ಅಕ್ಕ?"

"ಇನ್ನೊಮ್ಮೆ ಅಭಿವೃದ್ಧಿ ಮಾಡುದು."

"ಹಾಗಾದ್ರೆ ಮೊದಲೊಮ್ಮೆ ಮಾಡಿದ್ದು ಯಾವಾಗ? ನಾನು ಇಲ್ಲೇ ಇದ್ದೆನಲ್ಲ!"

ಹಾಲಿನ ಅಕ್ಕ

ಅಷ್ಟೆಲ್ಲ ನಕ್ಕವಳು ಮರುದಿನ ಬೆಳಿಗ್ಗೆ ಸಪ್ಪೆಯಾದೆ. ನಮ್ಮ ಕೇಂದ್ರದ ಹಿಂದುಗಡೆ ಒಬ್ಬರು ಅಕ್ಕ ಇದ್ದಾರೆ, ಎರಡು ದನ ಸಾಕಿದ್ದಾರೆ. ನಮ್ಮ ಹಿಂದಿನ ಗೇಟಿನಿಂದ ಒಳಬಂದು ಮುಂದಿನ ಗೇಟಿನಿಂದ ಹೊರಬಿದ್ದರೆ ಹಾಲಿನ ಸೊಸೈಟಿಗೆ ಐದೇ ನಿಮಿಷ. ರಸ್ತೆಯಲ್ಲಿ ಸುತ್ತಿ ಹೋದರೆ ಮುಕ್ಕಾಲು ಗಂಟೆ, ಅಷ್ಟೊತ್ತಿಗೆ ಸೊಸೈಟಿಯ ಬಾಗಿಲು ಹಾಕಿರುತ್ತದೆ. ಹೊಸ ನಕ್ಷೆಯಲ್ಲಿ ಹಿಂದಿನ ಗೇಟೇ ಇರಲಿಲ್ಲ.

"ಎಂತ ಮಾರಾಯ್ತಿ, ಗೇಟು ಮುಚ್ಚಿದ್ರೆ ನಾನು ದನ ಮಾರುದಾ?" ಅಂದರು.

"ಸಭೆಗೆ ಬನ್ನಿ ಅಕ್ಕ, ಮೈಕಿನಲ್ಲಿ ಹೇಳಿ."

"ಅಯ್ಯೋ, ಮೈಕು ಕಂಡ್ರೆ ನನ್ನ ಗಂಟಲು ಕಟ್ತದೆ."

"ಮತ್ತೆ ಎಂತ ಮಾಡ್ತೀರಿ?"

"ಬರ್ತೇನೆ. ಚಾ ಕುಡಿದು ಹೋಗ್ತೇನೆ."

ಅನುವಾದ

ಸಭೆಯಲ್ಲಿ ಮೊದಲು ಎದ್ದವರು ಐವರ್ನಾಡಿನ ಒಬ್ಬರು ರಬ್ಬರ್ ಬೆಳೆಗಾರರು. ಹಣ್ಣಿನ ಗಿಡವೂ ಇರಲಿ ಅಂತ ನಮ್ಮಲ್ಲಿಂದ ಒಯ್ಯುವವರು. ತಮ್ಮ ಮನೆಮಾತು ಅರೆಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿದರು. ಸಾಹೇಬರು ನನ್ನ ಮುಖ ನೋಡಿದರು.

"ಕಸಿ ಗಿಡ ಸಮಯಕ್ಕೆ ಸರಿಯಾಗಿ ಸಿಗಬೇಕಂತೆ ಸಾರ್."

ಆಮೇಲೆ ಕೆದಂಬಾಡಿಯ ಒಬ್ಬರು ತುಳುವಿನಲ್ಲಿ ಕಾಲು ಗಂಟೆ ಮಾತಾಡಿ, ಎರಡು ಸಲ ಮೇಜಿಗೆ ಗುದ್ದಿದರು.

"ಇವರದ್ದೂ ಅದೇ ಸಾರ್."

"ಮತ್ತೆ ಮೇಜು ಗುದ್ದಿದ್ದು?"

"ಅದೂ ತುಳುವೇ ಸಾರ್."

ಮೂರನೆಯವರು ಪಕ್ಕದ ಬಡಾವಣೆಯ ನಿವೃತ್ತ ಮೇಷ್ಟ್ರು, ತಾಳಮದ್ದಳೆಯಲ್ಲಿ ಪುರಾಣದ ಪಾತ್ರವಾಗಿ ಮಾತಾಡಿ ಅರ್ಥ ಹೇಳುವವರು. ಶಾಲು ಸರಿಮಾಡಿ ಎದ್ದು ನಿಂತು, "ಎಲೈ ಅಧಿಕಾರಿವರ್ಯರೇ, ತರುಲತಾದಿಗಳ ಸಂವರ್ಧನೆಗೆಂದೇ ಮೀಸಲಾದ ಈ ಪುಣ್ಯಭೂಮಿಯಲ್ಲಿ..." ಅಂತ ಸುರುಮಾಡಿದರು. ಅರ್ಧ ಗಂಟೆಯಾದರೂ ಆ ವಾಕ್ಯ ಮುಗಿಯಲಿಲ್ಲ.

ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಇದ್ಯಾವ ಭಾಷೆ ಮೇಡಂ?"

"ಕನ್ನಡ ಸಾರ್."

"ಇರಲಿ, ಅನುವಾದ ಮಾಡಿ."

ಮಾದರಿ

ಹೊಸ ಕೇಂದ್ರ ಹೇಗಿರುತ್ತದೆ ಅಂತ ತೋರಿಸಲಿಕ್ಕೆ ಮೇಜಿನ ಮೇಲೆ ಸುತ್ತಲಿನ ಮನೆಗಳ ಸಮೇತ ಥರ್ಮಾಕೋಲಿನ ಮಾದರಿ ಇಟ್ಟಿದ್ದೆವು. ಮೇಷ್ಟ್ರು ನೀರು ಕುಡಿಯಲು ನಿಲ್ಲಿಸಿದ್ದೇ ಸಮಯ ಅಂತ ಎಲ್ಲರೂ ಎದ್ದು ಅದರ ಸುತ್ತ ಸೇರಿದರು. ಕೇಂದ್ರವನ್ನು ಯಾರೂ ನೋಡಲಿಲ್ಲ, ಎಲ್ಲರೂ ಹುಡುಕಿದ್ದು ಅವರವರ ಮನೆಯನ್ನು.

"ನನ್ನ ಮನೆ ಮೇಲೆ ಚಾ ಇಟ್ಟದ್ದು ಯಾರು?" ಅಂತ ಒಬ್ಬರು ಬೊಬ್ಬೆ ಹಾಕಿದರು. ಗ್ಲಾಸು ಸಾಹೇಬರದ್ದು. ಗಡಿಬಿಡಿಯಲ್ಲಿ ತೆಗೆದರು. ಮನೆಯ ಸುತ್ತ ಚಾದ ಗುರುತು ಉರುಟಾಗಿ ಉಳಿಯಿತು. ಪಕ್ಕದವರು ಬಗ್ಗಿ ನೋಡಿ, "ಓ, ರಿಂಗ್ ರೋಡೂ ಉಂಟಾ?" ಅಂದರು.

ಈ ಗಲಾಟೆಯ ನಡುವೆ ಹಾಲಿನ ಅಕ್ಕ ಮಾದರಿಯ ಹಿಂಬದಿಗೆ ಹೋದರು. "ಇಲ್ಲಿ ಗೇಟು ಇದ್ದದ್ದಲ್ಲವಾ" ಅಂತ ತಮ್ಮಷ್ಟಕ್ಕೇ ಹೇಳಿ, ಗೋಡೆಯ ಒಂದು ತುಂಡನ್ನು ಟಕ್ ಅಂತ ಮುರಿದು ಚೀಲಕ್ಕೆ ಹಾಕಿಕೊಂಡರು. ನಾನು ಕಂಡೆ. ಕಂಡು ಚಾ ಬಗ್ಗಿಸಲಿಕ್ಕೆ ತಿರುಗಿದೆ.

ಅಷ್ಟರಲ್ಲಿ ಬಿಸಿ ಬಿಸಿ ಗೋಳಿಬಜೆ ಬಂತು. ಎಲ್ಲರ ಬಾಯಲ್ಲೂ ಗೋಳಿಬಜೆ ಇರುವಾಗ ಸಾಹೇಬರು ಮಾದರಿಯ ಕಡೆ ಕೈ ತೋರಿಸಿ, "ಈಗ ಹೇಳಿ, ಹೇಗಿದೆ?" ಅಂತ ಕೇಳಿದರು.

"ಅಡ್ಡಿಲ್ಲ!" ಅಂತ ಇಡೀ ಸಭೆ ಒಂದೇ ಸ್ವರದಲ್ಲಿ ಹೇಳಿತು. ನಮ್ಮಲ್ಲಿ ತಿಂಡಿಗೆ ಅಡ್ಡಿಲ್ಲ ಅಂದರೆ ತಿನ್ನಬಹುದು, ಚೆನ್ನಾಗುಂಟು ಅಂತ ಅರ್ಥ. ಸಾಹೇಬರ ಮುಖ ಅರಳಿತು. ಮಾದರಿಯ ಫೋಟೋ ತೆಗೆದರು. "ಬರೆಯಿರಿ ಮೇಡಂ. ಲಗತ್ತಿಸಿದ ಫೋಟೋದಲ್ಲಿರುವ ಯೋಜನೆಗೆ ಹಾಜರಿದ್ದ ಯಾರ ಅಡ್ಡಿಯೂ ಇಲ್ಲ."

ಬರೆದೆ. ನನ್ನ ಸರ್ವಿಸಿನಲ್ಲೇ ಅಷ್ಟು ಚೆಂದದ ಅಕ್ಷರ ಬಂದದ್ದಿಲ್ಲ. ಬರೆಯುದನ್ನು ಕಂಡ ಕೆದಂಬಾಡಿಯವರು ಹೇಳಿದರು, "ಚಟ್ನಿಗೆ ಉಪ್ಪು ಕಮ್ಮಿ, ಅದನ್ನೂ ಬರೆಯಿರಿ."

ಗೇಟು

ಕೆಲವು ತಿಂಗಳ ಮೇಲೆ ಗೋಡೆಯ ಕೆಲಸ ಸುರುವಾಯಿತು. ಇಂಜಿನಿಯರ್ ತಲೆ ಕೆರೆಯುತ್ತಾ ಬಂದರು. "ಮೇಡಂ, ನಕ್ಷೆಯಲ್ಲಿ ಹಿಂದಿನ ಗೋಡೆ ಪೂರ್ತಿ ಉಂಟು. ಫೋಟೋದಲ್ಲಿ ನಡುವೆ ಗ್ಯಾಪ್ ಉಂಟು. ಕಟ್ಟುದಾ, ಬಿಡುದಾ?"

ನಾನು ಫೈಲು ತೆಗೆದೆ. "ಊರವರು ಒಪ್ಪಿದ್ದು ಫೋಟೋವನ್ನು. ಗ್ಯಾಪ್ ಮುಚ್ಚಬೇಕಾದ್ರೆ ಇನ್ನೊಮ್ಮೆ ಸಭೆ ಕರೆಯಬೇಕು."

ಅವರು ಸಾಹೇಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ವಿಷಯ ತಿಳಿದು ಸಾಹೇಬರು ಕೇಳಿದರು, "ಸಭೆ ಕರೆದರೆ ಆ ಮೇಷ್ಟ್ರು ಬರ್ತಾರಾ?"

"ಬರ್ತಾರೆ ಸಾರ್. ಆ ವಾಕ್ಯ ಇನ್ನೂ ಬಾಕಿ ಉಂಟು."

"ಗೇಟಿಡಿ."

ಗೇಟು ಕೂತ ದಿನ ಹಾಲಿನ ಅಕ್ಕ ಕ್ಯಾನು ಹಿಡಿದು ಬಂದರು. ನನಗೆ ಖುಷಿಯಲ್ಲಿ ಕಣ್ಣು ತುಂಬಿತ್ತು. ಅವರು ಗೇಟನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ ಮುಖ ಸಿಂಡರಿಸಿದರು.

"ಇಷ್ಟು ಅಗಲ ಯಾಕೆ ಮಾರಾಯ್ತಿ? ಲಾರಿ ಹೋಗ್ತದೆ ಇದರಲ್ಲಿ! ನನಗೆ ಒಂದು ಕ್ಯಾನು ಹೋಗುವಷ್ಟು ಸಾಕಿತ್ತು."

"ನೀವು ಮುರಿದದ್ದೇ ಅಷ್ಟು ಅಕ್ಕ! ಅಳತೆ ಹಾಕಿದ್ರೆ ಇಷ್ಟಾಗ್ತದೆ."

ಅಕ್ಕ ಚೀಲಕ್ಕೆ ಕೈ ಹಾಕಿ, ಆ ಥರ್ಮಾಕೋಲ್ ತುಂಡನ್ನು ತೆಗೆದು ನನ್ನ ಕೈಗಿಟ್ಟರು.

"ಹಾಗಾದ್ರೆ ಇದರಲ್ಲಿ ಅರ್ಧ ವಾಪಸ್ ಅಂಟಿಸಿ."