ಮಗನಿಗೆ ಕೀರ್ತನೆ ಕಲಿಸಹೋಗಿ

ಮೇಷ್ಟ್ರಲ್ಲದ ಎಲ್ಲ ಗಂಡಸರಿಗೂ ತಾವು ಒಳ್ಳೆಯ ಮೇಷ್ಟ್ರಾಗಬಹುದಿತ್ತು ಎಂಬ ನಂಬಿಕೆ ಇರುತ್ತದೆ. ನನಗೆ ಅದು ಸ್ವಲ್ಪ ಹೆಚ್ಚಾಗಿಯೇ ಇತ್ತು. ನಾನು ಆಗ ಭದ್ರಾವತಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತ. ಮೊಳೆ, ಬೋಲ್ಟು, ಸರಪಳಿಗಳು ನನ್ನ ವಶದಲ್ಲಿದ್ದವು. ಇಟ್ಟಲ್ಲಿ ಇರುತ್ತಿದ್ದವು, ಎದುರಾಡುತ್ತಿರಲಿಲ್ಲ. ಇದೆಲ್ಲ ನನ್ನ ಶಿಸ್ತಿನ ಫಲವೆಂದೇ ನಾನು ತಿಳಿದಿದ್ದೆ. ನಮ್ಮ ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿದ್ದ ಕಾಲ. ಮಕ್ಕಳನ್ನು ಹೊಡೆಯದೆ ಬೆಳೆಸಬಹುದು ಎಂಬ ಸುದ್ದಿ ನಮ್ಮ ಕ್ವಾರ್ಟರ್ಸಿನವರೆಗೆ ಬಂದಿರಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಅಯ್ಯನವರು, ಎಂದರೆ ಸಭಾಪಾಲಕರು, ಒಂದು ಪ್ರಕಟಣೆ ಓದಿದರು. ಕ್ರಿಸ್ಮಸ್ಸಿಗೆ ಮುಂಚೆ ಶಿವಮೊಗ್ಗದ ಚರ್ಚಿನಲ್ಲಿ ಸುತ್ತಲಿನ ಊರುಗಳ ಮಕ್ಕಳೆಲ್ಲ ಸೇರಿ ಸತ್ಯವೇದದ ಭಾಗಗಳನ್ನು ಬಾಯಿಪಾಠ ಒಪ್ಪಿಸಬೇಕಂತೆ. ಏಳು ವರ್ಷದ ನನ್ನ ಮಗ ಸಾಮುವಿನ ಪಾಲಿಗೆ ಬಂದದ್ದು ದೇವರನ್ನು ಕುರುಬನಿಗೆ ಹೋಲಿಸುವ ದಾವೀದನ ಕೀರ್ತನೆ. ಭಾನುವಾರದ ಶಾಲೆಯ ಟೀಚರಮ್ಮ, "ನಾನು ನಿಧಾನವಾಗಿ ಹೇಳ್ಕೊಡ್ತೀನಿ ಬಿಡಿ" ಎಂದರು. ನಿಧಾನ ಎಂಬ ಮಾತು ನನಗೆ ಹಿಡಿಸಲಿಲ್ಲ. "ನೀವ್ಯಾಕೆ ತೊಂದರೆ ತಗೋತೀರಿ, ಮನೇಲಿ ನಾನಿದ್ದೀನಲ್ಲ" ಎಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಗುಣ ನಿಟ್ಟುಸಿರು ಬಿಟ್ಟಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಮಾರನೆಯ ಬೆಳಗ್ಗೆಯಿಂದಲೇ ಪಾಠ ಶುರುವಾಯಿತು. ಕಾರ್ಖಾನೆಯ ಸೈರನ್ನಿಗೆ ಮುಂಚೆ ಸಾಮು ಮುಖ ತೊಳೆದು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು. ನನ್ನ ಎಡಗೈಯಲ್ಲಿ ಸತ್ಯವೇದ, ಬಲಗೈಯಲ್ಲಿ ಅಡಿಕೋಲು. ಮೇಜಿನ ಕೆಳಗೆ ನಾಲ್ಕು ವರ್ಷದ ರೂತ್ ತನ್ನ ಮರದ ಪಾತ್ರೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಅವಳಿಗೂ ಪಾಠಕ್ಕೂ ಸಂಬಂಧವಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದೆವು. ಹುಡುಗ ಮೊದಲ ಸಾಲನ್ನು ಚೆನ್ನಾಗಿಯೇ ಹೇಳುತ್ತಿದ್ದ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವನ ಬೆರಳು ಮೂಗಿಗೆ ಹೋಗುತ್ತಿತ್ತು, ನಾನು ಗದರುತ್ತಿದ್ದೆ, ಅವನು ಮೊದಲನೆಯದನ್ನೂ ಮರೆಯುತ್ತಿದ್ದ. ಮತ್ತೆ ನಾನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುವುದು, ಮತ್ತೆ ಅವನು ಒಪ್ಪಿಸುವುದು. ನಡುವೆ ನನಗೆ ಕಾಫಿಯ ನೆನಪಾಗಿ ಅಡಿಗೆಮನೆಯ ಕಡೆಗೊಂದು ಕೂಗು.

ಒಂದು ದಿನ ಅವನು ಸಾಲು ಬಿಟ್ಟು ಪ್ರಶ್ನೆ ಕೇಳಿದ. "ಅಪ್ಪಾ, ಕುರುಬನ ಹತ್ರ ಕೋಲಿದೆಯಲ್ಲ, ಅದು ಕುರಿಗೆ ಹೊಡೆಯೋಕಾ?"

"ಛೆ ಛೆ! ತೋಳ ಬಂದ್ರೆ ಓಡಿಸೋಕೆ. ಆ ಕೋಲು ನೋಡಿದ್ರೆ ಕುರಿಗೆ ಧೈರ್ಯ."

ಸಾಮು ನನ್ನ ಅಡಿಕೋಲನ್ನು ನೋಡಿದ. ಬಾಗಿಲ ಕಡೆಗೂ ಒಮ್ಮೆ ನೋಡಿದ, ತೋಳವೇನಾದರೂ ಬಂದಿದೆಯೇ ಎಂಬಂತೆ. ಒಳಗಿನಿಂದ ಸುಗುಣ ನಕ್ಕದ್ದು ಕೇಳಿಸಿತು. ಪ್ರಶ್ನೆ ಕೇಳುವ ಹೊತ್ತಲ್ಲ ಇದು ಎಂದು ನಾನು ಪಾಠ ಮುಂದುವರಿಸಿದೆ.

ಆ ವಾರದಿಂದ ಹುಡುಗನಿಗೆ ಬೆಳಗಾದರೆ ಹೊಟ್ಟೆನೋವು. ಓಮದ ಕಷಾಯ ಕುಡಿಸಿದ್ದಾಯಿತು, ಡಾಕ್ಟರಿಗೆ ತೋರಿಸಿದ್ದಾಯಿತು. ನಾನು ಕೆಲಸಕ್ಕೆ ಹೊರಟ ಕೂಡಲೇ ನೋವು ವಾಸಿ. ಕೊನೆಗೆ ಸುಗುಣ ಅಕ್ಕಿ ಆರಿಸುತ್ತ, ತಲೆಯೆತ್ತದೆ ಹೇಳಿದಳು: "ಪ್ರಾರ್ಥನೆ ಮಾಡೋಣ ಬಾ ಅಂದ್ರೆ ನಿನ್ನೆ ಮಂಚದಡಿ ಸೇರ್ಕೊಂಡ. ದೇವರ ಹೆಸರು ಕೇಳಿದ್ರೆ ನಡುಗೋ ಹಾಗೆ ಮಾಡ್ಬಿಟ್ರಲ್ಲ ಮಗೂನ." ಮಾತು ನಾಟಿತು. ಆದರೆ ಟೀಚರಮ್ಮನ ಮುಂದೆ ಜಂಬ ಕೊಚ್ಚಿದ್ದೆನಲ್ಲ! ಗಂಡಸಿನ ಮಾನ ಎಂಬುದು ಮಗುವಿನ ಹೊಟ್ಟೆನೋವಿಗಿಂತ ದೊಡ್ಡದು ಎಂದು ನನಗೆ ಆಗ ಅನ್ನಿಸಿತ್ತು.

ಶಿವಮೊಗ್ಗದಲ್ಲಿ ಒಪ್ಪಿಸಬೇಕಾದ ಭಾನುವಾರ ಬಂದೇ ಬಂತು. ಬಸ್ಸಿನಲ್ಲಿ ಕೂತ ಕೂಡಲೇ ಕೊನೆಯ ತಾಲೀಮು ಶುರುಮಾಡಿದೆ. ಮುಂದಿನ ಸೀಟಿನಲ್ಲಿ ಶಿವಮೊಗ್ಗದ ಕೋಟೆಯ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಕೂತಿದ್ದರು. ಮಾಚೇನಹಳ್ಳಿ ಬರುವವರೆಗೆ ಸಹಿಸಿಕೊಂಡು, ಆಮೇಲೆ ತಿರುಗಿ, "ಏನು ಪಾಠ ಇದು?" ಎಂದರು. ನನಗೆ ಹುಮ್ಮಸ್ಸು ಬಂತು. ದೇವರು ಕುರುಬ, ನಾವು ಕುರಿ, ಅವನಿರುವಾಗ ನಮಗೆ ಯಾವ ಕೊರತೆಯೂ ಇಲ್ಲ, ಯಾವ ಭಯವೂ ಇಲ್ಲ ಎಂದು ವಿಸ್ತಾರವಾಗಿ ವಿವರಿಸಿದೆ.

"ಬಹುತ್ ಅಚ್ಛಾ," ಎಂದರು ಸಾಹೇಬರು. "ಭಯ ಇಲ್ಲ ಅನ್ನೋ ಪಾಠಕ್ಕೆ ಹುಡುಗ ಯಾಕೆ ಮಾರಾಯ್ರೆ ಹಿಂಗೆ ನಡುಗ್ತಾನೆ? ಬಾ ಬೇಟಾ, ಈ ಕಿಟಕಿ ಹತ್ರ ಕೂತ್ಕೋ."

ಸಾಮು ನನ್ನ ಅಪ್ಪಣೆಗೆ ಕಾಯದೆ ಎದ್ದು ಹೋದ. ಉಳಿದ ದಾರಿಯುದ್ದಕ್ಕೂ ನಾನೊಬ್ಬನೇ ಪುಸ್ತಕ ನೋಡುತ್ತ ಕೂತೆ.

ಚರ್ಚು ತುಂಬಿತ್ತು. ಹೆಸರು ಕರೆದಾಗ ಸಾಮು ವೇದಿಕೆ ಹತ್ತಿ ಕೈಕಟ್ಟಿ ನಿಂತ. ನನ್ನನ್ನು ಹುಡುಕಿ ನೋಡಿದ. ನಾನು ಧೈರ್ಯ ತುಂಬಲೆಂದು ಹುಬ್ಬು ಮೇಲೆತ್ತಿದೆ. ಮನೆಯಲ್ಲಿ ನಾನು ಹುಬ್ಬೆತ್ತುವುದು ಅಡಿಕೋಲು ಎತ್ತುವುದಕ್ಕೆ ಮುಂಚೆ. ಹುಡುಗನ ಬಾಯಿ ತೆರೆಯಿತು, ಶಬ್ದ ಬರಲಿಲ್ಲ. ತುಟಿ ಅದುರತೊಡಗಿತು. ಇನ್ನೇನು ಅತ್ತೇ ಬಿಡುತ್ತಾನೆ ಎನ್ನುವಾಗ, ಸುಗುಣಳ ಮಡಿಲಿನಿಂದ ರೂತ್ ಎದ್ದು ಬೆಂಚಿನ ಮೇಲೆ ನಿಂತಳು. ಅಣ್ಣ ಮರೆತದ್ದನ್ನು ಅವಳು ಶುರುಮಾಡಿದಳು, ನನ್ನದೇ ಗಡಸು ದನಿಯಲ್ಲಿ.

ಕುರುಬ ಬಂದ. ಅವನ ಹಿಂದೆಯೇ "ನೆಟ್ಟಗೆ ನಿಂತ್ಕೋ!" ಬಂತು. ಹಸಿರು ಹುಲ್ಲುಗಾವಲು ಬಂತು. "ಮೂಗಿಂದ ಬೆರಳು ತೆಗಿಯೋ, ಕತ್ತೆ!" ಎಂಬುದೂ ಬಂತು. ತಿಳಿನೀರಿನ ಹತ್ತಿರ ಕ್ಷಣ ನಿಂತು, ತಲೆ ಹಿಂದಕ್ಕೆ ತಿರುಗಿಸಿ, "ಲೇ, ಕಾಫಿ ಏನಾಯ್ತೇ?" ಎಂದು ಕೂಗಿ, ಏನೂ ಆಗದವಳಂತೆ ಕತ್ತಲ ಕಣಿವೆಗೆ ಇಳಿದಳು. ಒಂದು ಸಾಲನ್ನೂ ಬಿಡಲಿಲ್ಲ. ನನ್ನವನ್ನೂ ಬಿಡಲಿಲ್ಲ. ಚರ್ಚಿನ ಹೆಂಚುಗಳು ಹಾರಿಹೋಗುವಂತೆ ಜನ ನಕ್ಕರು. ನಾನು ಮುಂದಿನ ಬೆಂಚಿನ ಕೆಳಗೆ ಏನನ್ನೋ ಹುಡುಕುವವನಂತೆ ಬಗ್ಗಿದೆ. ಬಗ್ಗಿದಲ್ಲೇ ಇನ್ನೊಂದು ನಗು ಕೇಳಿಸಿತು, ವಾರಗಳಿಂದ ನಮ್ಮ ಮನೆಯಲ್ಲಿ ಕೇಳದೇ ಇದ್ದದ್ದು. ಸಾಮು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಈ ಸಲ ನೋವಿಲ್ಲದೆ. ನಕ್ಕು ಮುಗಿಸಿ, ಕಟ್ಟಿದ್ದ ಕೈ ಬಿಚ್ಚಿ, ಇಡೀ ಕೀರ್ತನೆಯನ್ನು ಸ್ನೇಹಿತನಿಗೆ ಕಥೆ ಹೇಳುವ ಹಾಗೆ ಹೇಳಿಬಿಟ್ಟ.

ಹೊರಗೆ ಬಂದಾಗ, ಅಲ್ಲಿಗೆ ಬಂದಿದ್ದ ನಮ್ಮ ಅಯ್ಯನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಕೀರ್ತನೆ ದಾವೀದನದು ಅಂತ ಗೊತ್ತಿತ್ತು. ನಡುನಡುವೆ ಸೇರಿಸಿದ್ದು ಯಾರದು ಅಂತ ಇವತ್ತು ಗೊತ್ತಾಯ್ತು!"

ಸುಗುಣ ಅಂದೇ ಮನೆಯಲ್ಲಿ ಹೊಸ ಕಾನೂನು ಹೊರಡಿಸಿದಳು: ಕಲಿಸುವವರು ಮೊದಲು ತಾವು ಪುಸ್ತಕ ನೋಡದೆ ಒಪ್ಪಿಸಬೇಕು. ಅದೇನು ಮಹಾ ಎಂದುಕೊಂಡು ಮಾರನೆಯ ಬೆಳಗ್ಗೆ ಸತ್ಯವೇದವನ್ನು ಸಾಮುವಿನ ಕೈಗೆ ಕೊಟ್ಟು ಅವನ ಜಾಗದಲ್ಲಿ ನಿಂತೆ. ಅವನು ಬೆರಳಿಟ್ಟು ನೋಡುತ್ತಿದ್ದ. ಎರಡು ಸಾಲು ಹೋಯಿತು. ಮೂರನೆಯದು ಎಲ್ಲಿಯೋ ಇತ್ತು, ನನ್ನ ಹತ್ತಿರ ಇರಲಿಲ್ಲ. ಸೂರು ನೋಡಿದೆ, ಗೋಡೆ ನೋಡಿದೆ. ಗದರಿಕೆಯನ್ನು ನಿರೀಕ್ಷಿಸಿ ನನಗರಿವಿಲ್ಲದೆ ಕುತ್ತಿಗೆ ಒಳಗೆ ಎಳೆದುಕೊಂಡೆ.

ಸಾಮು ಪುಸ್ತಕ ಮುಚ್ಚಿದ. ನನ್ನ ಕೈ ಹಿಡಿದು, "ಪರವಾಗಿಲ್ಲಪ್ಪ, ಎರಡು ಸಾಲು ಚೆನ್ನಾಗಿ ಹೇಳ್ದೆ. ಮಿಕ್ಕಿದ್ದು ನಾಳೆ ನೋಡೋಣ. ಹೋಗು, ಆಡ್ಕೋ ಹೋಗು" ಎಂದ.

ಮೀಸೆ ಹೊತ್ತ ಉಗ್ರಾಣದ ಗುಮಾಸ್ತ ಬೆಳಗ್ಗೆ ಬೆಳಗ್ಗೆ ಎಲ್ಲಿ ಆಡಲು ಹೋಗಬೇಕೋ ನನಗೆ ತಿಳಿಯಲಿಲ್ಲ. ಆದರೂ ಮೇಷ್ಟ್ರು ಮನಸ್ಸು ಬದಲಿಸುವ ಮೊದಲೇ ಅಲ್ಲಿಂದ ಓಡಿದೆ.